ಕೊಯ್ಯದೆ ಕಲ್ಲು ಒಡೆಯುವ ಬಗೆ

ಕಳೆದ ಬೇಸಿಗೆ ರಜೆಯ ಒಂದು ರಾತ್ರಿ ನಮ್ಮ ಅಬ್ಬಾ ನೋವು ತಾಳಲಾರದೆ ನೆಲದ ಮೇಲೆ ಹೊರಳಾಡಿದರು. ನೋವು ಎಡ ಪಕ್ಕೆಯ ಹಿಂದೆ ಹುಟ್ಟಿ ಕೆಳಹೊಟ್ಟೆಗೆ ಇಳಿಯುತ್ತಿತ್ತು. ವಾಂತಿಯೂ ಆಯಿತು. ಓಣಿಯವರು ಗ್ಯಾಸ್ ಎಂದರು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಎಡ ಕಿಡ್ನಿಯಲ್ಲಿ 11 ಮಿ.ಮೀ. ಕಲ್ಲು ಕಂಡಿತು.

ಅಬ್ಬಾ ಹುಬ್ಬಳ್ಳಿಯಲ್ಲಿ ಆಟೊ ಓಡಿಸುತ್ತಾರೆ. ಆಟೊ ನಿಂತ ದಿನ ಮನೆಗೆ ಗಳಿಕೆ ಇಲ್ಲ. ಆಪರೇಷನ್ ಎಂದರೆ ಎಷ್ಟು ದಿನ ಮಲಗಬೇಕೋ ಎಂಬ ಚಿಂತೆ ಅವರಿಗೆ ನೋವಿಗಿಂತ ದೊಡ್ಡದಾಗಿತ್ತು. ನನ್ನ ಎರಡನೇ ಪಿಯುಸಿ ಫೀಸನ್ನೂ ಅದೇ ತಿಂಗಳು ಕಟ್ಟಬೇಕಿತ್ತು. ಡಾಕ್ಟರು ಅವರ ಮುಖ ನೋಡಿ, "ಹೆದರಬ್ಯಾಡ್ರಿ, ಕೊಯ್ಯೂದಿಲ್ಲ. ಹೊರಗಿನಿಂದನ ಒಡೀತೇವಿ" ಎಂದರು. ಮನೆಗೆ ಬಂದು ನಾನು ದಾದಿಗೆ, "ಕಾಟತೇ ನೈ ದಾದಿ" ಎಂದು ಹೇಳಿದೆ. ಅವರು ನಂಬಲೇ ಇಲ್ಲ. ಕೊಯ್ಯದೆ ಕಲ್ಲು ಹೇಗೆ ಒಡೆಯುತ್ತದೆ? ನನಗೂ ಗೊತ್ತಿರಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ. ಹಾಗಾಗಿ ಡಾಕ್ಟರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಚಿಕಿತ್ಸೆಯ ಹೆಸರು ಲಿಥೊಟ್ರಿಪ್ಸಿ. ಯಂತ್ರವು ದೇಹದ ಹೊರಗೆ ಆಘಾತ ತರಂಗಗಳನ್ನು ಹುಟ್ಟಿಸುತ್ತದೆ. ಭೂತಗನ್ನಡಿ ಬಿಸಿಲನ್ನು ಒಂದೇ ಬಿಂದುವಿಗೆ ಕೂಡಿಸುವಂತೆ, ಯಂತ್ರ ಈ ತರಂಗಗಳನ್ನು ಕಲ್ಲು ಇರುವ ಜಾಗಕ್ಕೆ ಕೂಡಿಸುತ್ತದೆ. ನಮ್ಮ ಚರ್ಮ, ಮಾಂಸಗಳಲ್ಲಿ ನೀರಿನ ಅಂಶ ಹೆಚ್ಚು, ಆದ್ದರಿಂದ ತರಂಗ ಅವುಗಳ ಮೂಲಕ ಸುಲಭವಾಗಿ ಹಾದುಹೋಗುತ್ತದೆ. ಗಟ್ಟಿ ಕಲ್ಲು ಎದುರಾದಾಗ ಅದರ ಪೆಟ್ಟು ಅಲ್ಲಿ ಬೀಳುತ್ತದೆ. ಮತ್ತೆ ಮತ್ತೆ ಪೆಟ್ಟು ಬಿದ್ದು ಕಲ್ಲು ಬಿರುಕು ಬಿಟ್ಟು ಪುಡಿಯಾಗುತ್ತದೆ. ಆ ಪುಡಿ ಮೂತ್ರದಲ್ಲಿ ಹೊರಗೆ ಬರುತ್ತದೆ.

ಇದರ ಹಿಂದೆ ಜರ್ಮನಿಯ ವಿಮಾನ ತಯಾರಿಕಾ ಕಂಪನಿ ಡಾರ್ನಿಯರ್ ಇದೆ. ಆಘಾತ ತರಂಗಗಳ ಬಗ್ಗೆ ಅಲ್ಲಿ ನಡೆದ ಸಂಶೋಧನೆ ವೈದ್ಯರ ಕೈಗೆ ಬಂದು, 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಡಾ. ಕ್ರಿಶ್ಚಿಯನ್ ಶೌಸ್ಸಿ ಮತ್ತು ಅವರ ತಂಡ ಮೊದಲ ರೋಗಿಗೆ ಈ ಚಿಕಿತ್ಸೆ ಕೊಟ್ಟಿತು. ಆಗ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇಳಿಸಬೇಕಿತ್ತು. ಈಗ ಬೆನ್ನಿಗೆ ಜೆಲ್ ಹಚ್ಚಿ, ನೀರು ತುಂಬಿದ ಮೆತ್ತೆಯನ್ನು ಒತ್ತಿ ಇಟ್ಟರೆ ಸಾಕು.

ಅಬ್ಬಾ ಅವರಿಗೆ ನೋವಿನ ಇಂಜೆಕ್ಷನ್ ಕೊಟ್ಟು ಮೇಜಿನ ಮೇಲೆ ಮಲಗಿಸಿದರು. ಸುಮಾರು ಒಂದು ಗಂಟೆಯಲ್ಲಿ 3000 ಪೆಟ್ಟು. ಬಾಗಿಲ ಹೊರಗೆ ಕುಳಿತ ನನಗೆ 'ಟಕ್ ಟಕ್' ಸದ್ದು ಕೇಳುತ್ತಿತ್ತು. ಹೊರಗೆ ಬಂದಾಗ, "ಬೆನ್ನ ಮ್ಯಾಲೆ ಯಾರೋ ರಬ್ಬರ್ ಬ್ಯಾಂಡ್ ಹೊಡದಂಗ ಆತು" ಎಂದು ನರ್ಸಮ್ಮನಿಗೆ ಹೇಳಿ ನಕ್ಕರು. ಅದೇ ಸಂಜೆ ಮನೆಗೆ ಬಂದೆವು. ಎರಡು ದಿನ ಮೂತ್ರ ಕೆಂಪಗಿತ್ತು. ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ನಾವು ಗಾಬರಿಯಾಗಲಿಲ್ಲ. ನಾಲ್ಕನೇ ದಿನ ಆಟೊ ರಸ್ತೆಗೆ ಇಳಿಯಿತು.

ಆದರೆ ಎಲ್ಲವೂ ಒಂದೇ ಸಲಕ್ಕೆ ಮುಗಿಯಲಿಲ್ಲ. ಎರಡು ವಾರದ ನಂತರ ಎಕ್ಸ್‌ರೇಯಲ್ಲಿ ಒಂದು ಚೂರು ಉಳಿದಿರುವುದು ಕಂಡಿತು. ಅದು ಇಳಿಯುವಾಗ ಒಂದು ರಾತ್ರಿ ಮತ್ತೆ ಅದೇ ನೋವು. ಅಮ್ಮಿ ಬೆಳಗಿನ ತನಕ ಅವರ ಪಕ್ಕ ಎಚ್ಚರವಾಗಿ ಕುಳಿತಿದ್ದರು. ತಿಂಗಳಾಗುವಷ್ಟರಲ್ಲಿ ಚೂರು ಹೊರಬಿತ್ತು. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದೆ. ಕಲ್ಲು ತುಂಬ ದೊಡ್ಡದಿದ್ದರೆ ಅಥವಾ ಬಹಳ ಗಟ್ಟಿಯಿದ್ದರೆ ಬೇರೆ ವಿಧಾನವೇ ಬೇಕು. ಗರ್ಭಿಣಿಯರಿಗೆ ಇದನ್ನು ಮಾಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಡಾಕ್ಟರಿಗೆ ತಿಳಿಸಬೇಕು. ನೋವಿನ ಜೊತೆ ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹೊರಬಿದ್ದ ಚೂರನ್ನು ಪರೀಕ್ಷೆಗೆ ಕೊಟ್ಟೆವು. ಅದು ಕ್ಯಾಲ್ಸಿಯಂ ಆಕ್ಸಲೇಟ್. ಹೆಚ್ಚು ಜನರಲ್ಲಿ ಆಗುವುದು ಇದೇ ಕಲ್ಲು. ದಾದಿ ಕೊಟ್ಟ ಬಾಳೆದಿಂಡಿನ ರಸ, ಜವೆ ನೀರು ಇಂಥ ಕಲ್ಲನ್ನು ಕರಗಿಸುವುದಿಲ್ಲವಂತೆ. ಟೊಮೆಟೊ ಬೀಜ ಕಿಡ್ನಿಯಲ್ಲಿ ಹೋಗಿ ಕಲ್ಲಾಗುತ್ತದೆ ಎಂಬುದೂ ಸುಳ್ಳು. ಹಾಲು ಬಿಡಬೇಕಾಗಿಲ್ಲ. ಉಪ್ಪು ಕಡಿಮೆ ಮಾಡಬೇಕು, ಮಾಂಸ ಮಿತವಾಗಿರಬೇಕು.

ನಿಜವಾದ ಕಾರಣವನ್ನು ಅಬ್ಬಾ ಆಮೇಲೆ ಹೇಳಿದರು. ದಿನವಿಡೀ ಚಹಾ ಮಾತ್ರ ಕುಡಿಯುತ್ತಿದ್ದರು. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋದರೆ ಪಾಳಿ ತಪ್ಪುತ್ತದೆ. ಬಿಸಿಲಿನಲ್ಲಿ ಬೆವರು ಹೋಗಿ, ನೀರು ಸಾಲದೆ ಮೂತ್ರ ಗಟ್ಟಿಯಾದರೆ ಅದರಲ್ಲಿನ ಲವಣ ಹರಳುಗಟ್ಟುತ್ತದೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ರಂಜಾನ್ ಬಗ್ಗೆ ಅಬ್ಬಾ ಅವರನ್ನೇ ಕೇಳಿದರು. "ಮೊದಲ ತೋರಿಸಿಕೊಂಡು ಹೋಗ್ರಿ, ಆಮ್ಯಾಲೆ ರೋಜಾ ಹಿಡೀರಿ" ಎಂದರು. ಇಫ್ತಾರ್‌ನಿಂದ ಸಹರಿಯವರೆಗೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಲು ತಿಳಿಸಿದರು.

ಈಗ ಆಟೊದಲ್ಲಿ ಎರಡು ಬಾಟಲಿ ಇರುತ್ತವೆ. ಎಷ್ಟು ಕುಡಿದರು ಎಂಬುದನ್ನು ನಾನು ಜಮಾಖರ್ಚಿನಂತೆ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಸಂಜೆ ಲೆಕ್ಕ ಕಡಿಮೆ ಬಂದರೆ ದಾದಿಯೇ ಚೊಂಬು ಹಿಡಿದು ನಿಲ್ಲುತ್ತಾರೆ. ಕಾಲೇಜಿಗೆ ತಂದ ಬಾಟಲಿಯನ್ನು ತುಂಬಿದ್ದಂತೆಯೇ ಮನೆಗೆ ಒಯ್ಯುವ ಗೆಳೆಯ ಗೆಳತಿಯರು ನಮ್ಮ ತರಗತಿಯಲ್ಲೂ ಇದ್ದಾರೆ. ಅವರು ಇದನ್ನು ಓದಿದ ಕೂಡಲೇ ಬಾಟಲಿಯ ಮುಚ್ಚಳ ತೆಗೆಯಲಿ.