ರವದಿಯ ಹೊಗೆಗೂ ಲೆಕ್ಕವಿದೆ



ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಬೆಂಕಿ ಹಚ್ಚುವ ರೂಢಿ ಬಬಲೇಶ್ವರ, ತಿಕೋಟಾ ಭಾಗದ ನೀರಾವರಿ ಜಮೀನುಗಳಲ್ಲಿಯೂ ಇದೆ. ಸ್ವಲ್ಪ ಹೊತ್ತಿನಲ್ಲಿ ಹೊಲ ಹಸನಾಗುತ್ತದೆ, ನಿಜ. ಆದರೆ ಹೊಗೆಯಾಗಿ ಹೋದದ್ದು ಏನು, ಎಷ್ಟು? ಅದನ್ನು ಈಗ ಲೆಕ್ಕ ಹಾಕಬಹುದು.

ಅಳೆಯುವ ಬಗೆ

ಕಾಡ್ಗಿಚ್ಚಿನ ಹೊಗೆಯನ್ನು ಅಳೆಯುವ ಕ್ರಮವೇ ಹೊಲದ ಬೆಂಕಿಗೂ ಅನ್ವಯಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಉರಿದಾಗ, ಸುಟ್ಟ ಪ್ರದೇಶವನ್ನು ಉಪಗ್ರಹ ಚಿತ್ರಗಳಿಂದ ಅಂದಾಜು ಮಾಡಿದರು. ಸುಟ್ಟ ಎಕರೆ, ಎಕರೆಯಲ್ಲಿ ಉರಿದ ಒಣ ಕಸ, ಒಂದು ಕಿಲೋ ಕಸದಿಂದ ಹೊರಡುವ ಅನಿಲ—ಈ ಮೂರನ್ನು ಗುಣಿಸಿದರೆ ಒಟ್ಟು ಅನಿಲ ತಿಳಿಯುತ್ತದೆ. 2017ರಲ್ಲಿ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹವು ಗಾಳಿಯಲ್ಲಿನ ಇಂಗಾಲದ ಮೋನಾಕ್ಸೈಡನ್ನು ನೇರವಾಗಿ ಅಳೆಯುತ್ತದೆ. ಎರಡನ್ನೂ ಹೋಲಿಸಿ ಲೆಕ್ಕ ತಿದ್ದುತ್ತಾರೆ.

ನಿಮ್ಮ ಎಕರೆಯ ಲೆಕ್ಕ

ಎಕರೆಗೆ 3 ಟನ್ ಒಣ ರವದಿ ಎಂದುಕೊಳ್ಳಿ. ಅಷ್ಟೂ ಉರಿದರೆ ಸುಮಾರು ನಾಲ್ಕೂವರೆ ಟನ್ ಇಂಗಾಲದ ಡೈಆಕ್ಸೈಡ್, 240 ಕಿಲೋದಷ್ಟು ಮೋನಾಕ್ಸೈಡ್ ಹೊರಡುತ್ತದೆ. ಮೋನಾಕ್ಸೈಡ್ ರಕ್ತಕ್ಕೆ ಆಮ್ಲಜನಕ ಸಿಗದಂತೆ ಮಾಡುವ ವಿಷಾನಿಲ. ಜೊತೆಗೆ ಸುಮಾರು ಅರ್ಧ ಚೀಲ ಯೂರಿಯಾದಲ್ಲಿರುವಷ್ಟು ಸಾರಜನಕವೂ ಗಾಳಿಪಾಲಾಗುತ್ತದೆ.

ಹೊಗೆ ಎಲ್ಲಿಗೆ?

ಗಾಳಿಯ ದಿಕ್ಕು, ವೇಗ ಮತ್ತು ಹೊಗೆ ಏರುವ ಎತ್ತರವನ್ನು ಗಣಕಯಂತ್ರಕ್ಕೆ ಕೊಟ್ಟು ಹೊಗೆಯ ದಾರಿಯನ್ನು ಮೊದಲೇ ಅಂದಾಜು ಮಾಡುತ್ತಾರೆ. ಪಡುವಣ ಗಾಳಿ ಬೀಸಿದ ದಿನ ತಿಕೋಟಾದ ಹೊಗೆ ವಿಜಯಪುರದ ಜಲನಗರದ ಕಡೆಗೂ ಸಾಗಬಲ್ಲದು. ಚಳಿಗಾಲದ ಸಂಜೆ ನೆಲದ ಮೇಲಿನ ಗಾಳಿ ತಣ್ಣಗಾಗಿ, ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ನಿಲ್ಲುತ್ತದೆ. ಆಗ ಹಚ್ಚಿದ ಬೆಂಕಿಯ ಹೊಗೆ ಮೇಲೇರದೆ ನಿಮ್ಮ ಮನೆ, ದನದ ಕೊಟ್ಟಿಗೆಗಳ ಸುತ್ತಲೇ ಉಳಿಯುತ್ತದೆ.

ಏನು ಮಾಡಬೇಕು?

ರವದಿಯನ್ನು ಯಂತ್ರದಿಂದ ಪುಡಿ ಮಾಡಿಸಿರಿ. ಇಲ್ಲವೇ ಸಾಲು ಬಿಟ್ಟು ಸಾಲಿಗೆ ಹಾಸಿರಿ. ಪ್ರತಿ ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್ ಮತ್ತು 1 ಕಿಲೋ ಕಸ ಕಳಿಸುವ ಸೂಕ್ಷ್ಮಾಣು ಪುಡಿಯನ್ನು ಹಾಕಿ ನೀರು ಹಾಯಿಸಿರಿ. ಹಾಸಿದ ರವದಿ ತೇವ ಕಾಯುತ್ತದೆ, ಕಳೆ ತಡೆಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ.

ಬರುವ ಕೂಳೆ ಬೆಳೆಯಲ್ಲಿ ಕಾಲು ಎಕರೆಯನ್ನಾದರೂ ಸುಡದೆ ಬಿಟ್ಟು, ಉಳಿದ ಭಾಗದೊಂದಿಗೆ ನೀವೇ ಹೋಲಿಸಿ ನೋಡಿರಿ.