ಹೊಲಿಗೆ ಹಾಕಿದ ಹಸುವಿಗೆ ಸೊಪ್ಪಿನ ಕೊಟ್ಟಿಗೆ ಬೇಡ

ಮಲೆನಾಡಿನ ಅಡಿಕೆ, ಕಾಫಿ ತೋಟಗಳಿಗೆ ಗೊಬ್ಬರದ ಮೂಲ ಸೊಪ್ಪಿನ ಕೊಟ್ಟಿಗೆ. ಸೊಪ್ಪು ಹಾಸಿ, ಸಗಣಿ-ಗಂಜಲದಲ್ಲಿ ತುಳಿಸಿ ಗೊಬ್ಬರ ಮಾಡುವ ಈ ಪದ್ಧತಿ ತೋಟಕ್ಕೆ ಬಲು ಒಳ್ಳೆಯದು. ಆದರೆ ಹೊಟ್ಟೆ ಕೊಯ್ದು ಹೊಲಿಗೆ ಹಾಕಿದ ಹಸುವಿಗೆ ಇದಕ್ಕಿಂತ ಕೆಟ್ಟ ಹಾಸಿಗೆ ಇನ್ನೊಂದಿಲ್ಲ. ಸೊಪ್ಪು ಕೊಳೆಯಲು ಬೇಕಾದ ತೇವ, ಬಿಸಿ ಮತ್ತು ಸಗಣಿ ಗಾಯದಲ್ಲಿ ಕೀವು ತರುವ ರೋಗಾಣುಗಳಿಗೂ ಅನುಕೂಲವೇ.

ಕರು ಅಡ್ಡಲಾಗಿ ಸಿಕ್ಕಿಕೊಂಡಾಗ, ಹಸು ತಂತಿ, ಮೊಳೆ ನುಂಗಿದಾಗ ಪಶುವೈದ್ಯರು ಸಾಮಾನ್ಯವಾಗಿ ಅದನ್ನು ನಿಲ್ಲಿಸಿಕೊಂಡೇ, ಹೊಟ್ಟೆಯ ಎಡಪಕ್ಕದಲ್ಲಿ ಕೊಯ್ದು ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಎಷ್ಟೋ ವೇಳೆ ನಮ್ಮ ಅಂಗಳವೇ ಆಸ್ಪತ್ರೆ. ಆದುದರಿಂದ ಚೊಕ್ಕಟದ ಹೊಣೆಯಲ್ಲಿ ನಮ್ಮ ಪಾಲೂ ಇದೆ.

ವೈದ್ಯರು ಬರುವ ಮುನ್ನ ಬೆಳಕಿರುವ, ಧೂಳಿಲ್ಲದ, ಮಳೆ ಎರಚದ ಜಾಗವನ್ನು ಸಿದ್ಧಮಾಡಿರಿ. ನೀರನ್ನು ಕುದಿಸಿ, ಮುಚ್ಚಿ ಆರಿಸಿಡಿ. ಸಾಬೂನು, ಒಗೆದ ಬಟ್ಟೆ ಕೈಗೆ ಸಿಗುವಂತಿರಲಿ. ಹಸುವಿನ ಮೈಗೆ ಅಂಟಿದ ಸಗಣಿಯನ್ನು ತೊಳೆದು ಒರೆಸಿ. ಆದರೆ ಉಪಕಾರವಾಗಲೆಂದು ಹಿಂದಿನ ದಿನವೇ ಕ್ಷೌರದ ಕತ್ತಿಯಿಂದ ಕೂದಲು ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣುಗಳು ರಾತ್ರಿಯೆಲ್ಲ ಬೆಳೆಯುತ್ತವೆ. ಕೂದಲು ತೆಗೆಯುವುದು ಕೊಯ್ಯುವುದಕ್ಕೆ ತುಸು ಮುಂಚೆ, ವೈದ್ಯರ ಕೈಯಿಂದಲೇ ಆಗಲಿ. ಕೊಳಕು ಜಾಗದಿಂದಾದ ಹಾನಿಯನ್ನು ಆಮೇಲಿನ ಚುಚ್ಚುಮದ್ದು ಪೂರ್ತಿ ಸರಿಪಡಿಸಲಾರದು.

ಅನಂತರ ಹೊಲಿಗೆ ಬಿಚ್ಚುವವರೆಗೆ, ಅಂದರೆ ಸುಮಾರು ೧೦ರಿಂದ ೧೪ ದಿನ, ಹಸುವನ್ನು ಒಣಹುಲ್ಲು ಹಾಸಿದ ಬೇರೆ ಜಾಗದಲ್ಲಿ ಕಟ್ಟಿ, ಹಾಸನ್ನು ದಿನವೂ ಬದಲಿಸಿರಿ. ಗಾಯಕ್ಕೆ ಬೂದಿ, ಅರಿಸಿನ, ಸೀಮೆಎಣ್ಣೆ ಹಚ್ಚಬಾರದು. ವೈದ್ಯರು ಕೊಟ್ಟ ಔಷಧಿ ಮಾತ್ರ ಸಾಕು. ಮಳೆಗಾಲದಲ್ಲಿ ನೊಣ ಇಟ್ಟ ಮೊಟ್ಟೆ ಒಂದು ದಿನದೊಳಗೇ ಹುಳುವಾಗಬಹುದು. ಆದ್ದರಿಂದ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಗಾಯವನ್ನು ನೋಡಬೇಕು. ಮೊದಲ ಎರಡು ಮೂರು ದಿನ ಸ್ವಲ್ಪ ಬಾವು ಸಹಜ. ಬಾವು ಏರುತ್ತಲೇ ಹೋದರೆ, ಕೀವು ಅಥವಾ ದುರ್ವಾಸನೆ ಕಂಡರೆ, ಹಸು ಮೇವು ಬಿಟ್ಟರೆ, ಮೈಬಿಸಿ ೧೦೩ ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ತಡಮಾಡದೆ ವೈದ್ಯರಿಗೆ ತಿಳಿಸಿರಿ.

ಗಾಯ ಮಾಯ್ದಂತೆ ಕಂಡಿತೆಂದು ಆಂಟಿಬಯೋಟಿಕ್ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಡಿ. ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ. ಒಬ್ಬರ ಹಾಲು ಊರವರೆಲ್ಲರ ಕ್ಯಾನಿಗೆ ಸೇರುತ್ತದೆ. ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಮಳೆ ಕಳೆದ ಮೇಲೆ ಇಟ್ಟುಕೊಳ್ಳಬಹುದೇ ಎಂದು ಕೇಳಿರಿ. ಹೋರಿಗರುಗಳ ಬೀಜ ಒತ್ತಿಸಲು ಬರ್ಡಿಝೋ ಇಕ್ಕಳ ಬಳಸಿದರೆ ಚರ್ಮ ಕೊಯ್ಯುವ ಪ್ರಶ್ನೆಯೇ ಇಲ್ಲ.

ಎರಡು ವಾರ ಒಣ ಹಾಸಿನಲ್ಲಿ ಕಟ್ಟಿದರೆ ಕೆಲವು ಬುಟ್ಟಿ ಗೊಬ್ಬರ ಕಡಿಮೆಯಾದೀತು. ಹಸು ಉಳಿದರೆ ಗೊಬ್ಬರ ವರ್ಷಗಟ್ಟಲೆ ಬರುತ್ತದೆ.