ಅಂಗಾತ ಬಿದ್ದ ಮರಿಜೇಡವನ್ನು ಎಸೆಯದಿರಿ!

ಸಾಕಿದ ಟರಾಂಟುಲಾ ಮರಿಯು ಕಾಲು ಮೇಲೆ ಮಾಡಿ ಅಂಗಾತ ಬಿದ್ದಿರುವುದನ್ನು ಕಂಡು, ಸತ್ತಿತೆಂದು ಎಸೆದುಬಿಡುವವರುಂಟು. ವಾಸ್ತವದಲ್ಲಿ ಅದು ಪೊರೆ ಕಳಚುವ ಭಂಗಿ. ಸಾಯುವ ಜೇಡ ಸಾಮಾನ್ಯವಾಗಿ ಅಂಗಾತ ಮಲಗದು. ಕಾಲುಗಳನ್ನು ಮೈಯಡಿಗೆ ಮುದುಡಿಕೊಳ್ಳುತ್ತದೆ.

ಜೇಡದ ಗಡಸು ಹೊರಕವಚ ಮೈಯೊಡನೆ ಬೆಳೆಯುವುದಿಲ್ಲ. ಆದ್ದರಿಂದ ಹಾವಿನಂತೆ ಅದೂ ಹಳೆಯ ಪೊರೆಯನ್ನು ತೊರೆಯಲೇಬೇಕು. ಅನೇಕರು ಸಾಕುವ, ಮೆಕ್ಸಿಕೊ ಮೂಲದ ಕೆಂಪು ಮಂಡಿಯ ಟರಾಂಟುಲಾ ಮರಿಯಾಗಿದ್ದಾಗ ವರ್ಷಕ್ಕೆ ಹಲವು ಬಾರಿ ಪೊರೆ ಬಿಡುತ್ತದೆ. ಬೆಳೆದ ಮೇಲೆ ಇದು ವಿರಳ.

ಪೊರೆ ಬಿಡುವ ಮುನ್ನ ಮರಿ ಆಹಾರ ಮುಟ್ಟುವುದಿಲ್ಲ, ಚಲನೆ ಮಂದವಾಗುತ್ತದೆ, ಹೊಟ್ಟೆ ಕಪ್ಪೇರಿ ಹೊಳೆಯುತ್ತದೆ. ಈ ಲಕ್ಷಣ ಕಂಡೊಡನೆ ಪೆಟ್ಟಿಗೆಯಲ್ಲಿ ಉಳಿದಿರುವ ಜೀವಂತ ಕೀಟಗಳನ್ನು ತೆಗೆದುಬಿಡಬೇಕು. ಇಲ್ಲವಾದರೆ ಮೆದುಮೈಯ ಜೇಡವನ್ನೇ ಆ ಕೀಟಗಳು ಕಡಿದು ಗಾಯಗೊಳಿಸಬಹುದು. ಮಣ್ಣಿನ ಒಂದು ಮೂಲೆಯನ್ನು ತೇವವಾಗಿಡಬೇಕು. ಜೇಡದ ಮೇಲೆ ನೀರು ಚಿಮುಕಿಸಬಾರದು.

ಅಂಗಾತ ಮಲಗಿದ ಮರಿಯನ್ನು ಮಗುಚುವುದು, ಅಂಟಿಕೊಂಡ ಪೊರೆಯನ್ನು ಎಳೆಯುವುದು ಸಲ್ಲದು. ಮೈ ಹರಿದು ದ್ರವ ಸೋರಿದರೆ ಪ್ರಾಣಕ್ಕೇ ಸಂಚಕಾರ. ಕಳಚುವಾಗ ಒಂದು ಕಾಲು ಕಳೆದುಕೊಂಡರೂ ಗಾಬರಿ ಬೇಡ. ಮುಂದಿನ ಪೊರೆಗಳೊಂದಿಗೆ ಅದು ಮತ್ತೆ ಬೆಳೆಯುತ್ತದೆ.

ಹೊರಬಂದ ಮರಿಯ ವಿಷದ ಹಲ್ಲುಗಳು ಮೊದಲು ಬೆಳ್ಳಗೆ, ಮೃದುವಾಗಿರುತ್ತವೆ. ಅವು ಕಪ್ಪಾಗಿ ಗಟ್ಟಿಯಾಗುವವರೆಗೆ, ಅಂದರೆ ಸುಮಾರು ಒಂದು ವಾರ, ಆಹಾರ ಕೊಡಬಾರದು. ಕುಡಿಯುವ ನೀರು ಮಾತ್ರ ಸದಾ ಇರಲಿ. ಮೈ ಗಟ್ಟಿಯಾಗುವವರೆಗೆ ಮುಟ್ಟದೆ ಕಾಯುವುದೇ ಸಾಕಿದವರು ಮಾಡಬಹುದಾದ ದೊಡ್ಡ ಉಪಕಾರ.